ಶುದ್ಧ ಅರೇಬಿಕಾ ಅಂತ ಬರೆದು ಸಿಕ್ಕಿಬಿದ್ದೆವು

ಜೂನ್ ಮೊದಲ ವಾರ ನಮ್ಮ ತಮ್ಮ ಪಿಕಪ್‌ನಲ್ಲಿ 300 ರೊಬಸ್ಟಾ ಸಸಿ ತಂದು ಅಂಗಳದಲ್ಲಿ ಇಳಿಸಿದ. ಅಪ್ಪಯ್ಯ ಜಗುಲಿಯಲ್ಲಿ ಕೂತು ನೋಡಿದರು. ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು. ಮೂರು ದಿನ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಕೂತು ಊಟ ಮಾಡಿದರು, ಒಂದು ಮಾತೂ ಆಡಲಿಲ್ಲ.

ಬಯಲುಸೀಮೆಯ ಓದುಗರಿಗೆ ಇದೊಂದು ವಿಷಯವಾ ಅನ್ನಿಸಬಹುದು. ಚಿಕ್ಕಮಗಳೂರು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅರೇಬಿಕಾ ಗುಡ್ಡದ ಮೇಲಿನ ಗಿಡ, ರೊಬಸ್ಟಾ ಕೆಳಗಿನ ತೋಟದ ಗಿಡ. ಅರೇಬಿಕಾಕ್ಕೆ ಸಮುದ್ರ ಮಟ್ಟದಿಂದ ಸಾವಿರ, ಸಾವಿರದೈನೂರು ಮೀಟರ್ ಎತ್ತರದ ತಂಪು ಬೇಕು. ರೊಬಸ್ಟಾ ಐನೂರು, ಸಾವಿರ ಮೀಟರಿನ ಸೆಕೆಯಲ್ಲೂ ಚೆನ್ನಾಗಿ ಬರುತ್ತದೆ. ಒಂದು ರುಚಿಗೆ, ಇನ್ನೊಂದು ಖಾರಕ್ಕೆ. ಅರೇಬಿಕಾ ಇಟ್ಟವರಿಗೆ ಸ್ವಲ್ಪ ಗತ್ತು ಜಾಸ್ತಿ, ಅದು ಒಂದು ಎಕರೆ ಇದ್ದವರಿಗೂ ಇರುತ್ತದೆ, ನೂರು ಎಕರೆ ಇದ್ದವರಿಗೂ ಇರುತ್ತದೆ.

ನಮ್ಮದು ಒಂದೂವರೆ ಎಕರೆ. ಗುಡ್ಡದ ಇಳಿಜಾರು, ಕೆಳಗೆ ಹಳ್ಳ, ಮೇಲೆ ಗಾಳಿ. ಫೋನಿನಲ್ಲಿ ನೋಡಿದರೆ ಮನೆ ಅಂಗಳ ಸಾವಿರದ ಐವತ್ತು ಮೀಟರ್ ತೋರಿಸುತ್ತದೆ. ಅಪ್ಪಯ್ಯ ಇಪ್ಪತ್ತು ವರ್ಷ ಬೇರೆಯವರ ಎಸ್ಟೇಟಿನಲ್ಲಿ ಕೆಲಸ ಮಾಡಿ, ಲೈನ್ ಮನೆಯಲ್ಲಿ ಇದ್ದು, ಆಮೇಲೆ ಮಾಡಿಕೊಂಡ ಜಾಗ ಅದು. ಆರಡಿಗೊಂದರಂತೆ ಅರೇಬಿಕಾ ನೆಟ್ಟರು. ಒಂದೊಂದು ಬುಡವೂ ಅವರಿಗೆ ಗುರುತು.

ಆ ಗಿಡಗಳನ್ನು ಬೋರರ್ ತಿನ್ನುತ್ತಿದೆ. ಪುಸ್ತಕದಲ್ಲಿ ಬಿಳಿ ಕಾಂಡಕೊರಕ ಅಂತ ಇದೆ, ನಮ್ಮ ಕಡೆ ಎಲ್ಲರೂ ಬೋರರ್ ಅನ್ನುವುದು. ಸಣ್ಣ ದುಂಬಿ, ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹುಳ ಒಳಗೆ ಹೋಗಿ ಮರವನ್ನು ಸುರಂಗ ಮಾಡುತ್ತದೆ. ಹೊರಗೆ ಕಾಂಡದ ಮೇಲೆ ನರ ಉಬ್ಬಿದ ಹಾಗೆ ಗೆರೆ ಕಾಣುತ್ತದೆ, ಎಲೆ ಹಳದಿಯಾಗುತ್ತದೆ. ಅಷ್ಟು ಹೊತ್ತಿಗೆ ಆ ಗಿಡದ ಕಥೆ ಮುಗಿದಿರುತ್ತದೆ. ಬುಡಸಮೇತ ಕಿತ್ತು ಸುಡಬೇಕು, ಇಲ್ಲದಿದ್ದರೆ ಪಕ್ಕದ್ದಕ್ಕೂ ಹತ್ತುತ್ತದೆ. ಹೋದ ವರ್ಷ 112 ಬುಡ ಕಿತ್ತೆವು. ಈ ವರ್ಷ ಮಾರ್ಚ್‌ನಲ್ಲಿ 240. ಸುಡುವ ದಿನ ಅಪ್ಪಯ್ಯ ತೋಟಕ್ಕೆ ಬರುವುದಿಲ್ಲ, ಪೇಟೆಯಲ್ಲಿ ಏನೋ ಕೆಲಸ ಹಚ್ಚಿಕೊಳ್ಳುತ್ತಾರೆ.

ರೊಬಸ್ಟಾವನ್ನು ಬೋರರ್ ಹೆಚ್ಚಾಗಿ ಮುಟ್ಟುವುದಿಲ್ಲ. ಬೆಲೆಯೂ ಏರಿದೆ. ಅರೇಬಿಕಾ ಹಣ್ಣಾದ ಮೇಲೆ ಬೇಗ ಕೊಯ್ಯದಿದ್ದರೆ ಉದುರಿಹೋಗುತ್ತದೆ, ರೊಬಸ್ಟಾ ಗಿಡದಲ್ಲೇ ಕಾಯುತ್ತದೆ, ಆಳು ಸಿಕ್ಕಾಗ ಕೊಯ್ಯಬಹುದು. ತಮ್ಮನ ಲೆಕ್ಕ ಇದು. ಲೆಕ್ಕದಲ್ಲಿ ತಪ್ಪಿಲ್ಲ.

ಅಪ್ಪಯ್ಯನ ಮಾತಿನಲ್ಲೂ ತಪ್ಪಿಲ್ಲ. ರೊಬಸ್ಟಾಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬರಲೇಬೇಕು. ಬರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ನಮ್ಮ ಹಳ್ಳ ಜನವರಿಗೇ ಕಲ್ಲು ತೋರಿಸುತ್ತದೆ. "ನೀರು ನಿನ್ನ ಮಾವ ತಂದು ಹಾಕ್ತಾನಾ?" ಅಂತ ಅಪ್ಪಯ್ಯ ತಮ್ಮನನ್ನು ಕೇಳಿದ್ದು ಒಮ್ಮೆ.

ಆದರೆ ನಿಜವಾದ ಜಗಳ ನೀರಿನದ್ದಲ್ಲ. ಮೂರನೇ ದಿನ ರಾತ್ರಿ ಅದು ಹೊರಗೆ ಬಂತು. "ಆ ಕೀಳು ಗಿಡ ತಂದು ನನ್ನ ಗಿಡದ ಪಕ್ಕ ಇಟ್ರೆ ಬೀಜವೆಲ್ಲ ಬೆರಕೆ ಆಗ್ತದೆ. ನಾನಿರೋ ತನಕ ಬೇಡ."

ಅದಕ್ಕೆ ಉತ್ತರ ಕೊಟ್ಟದ್ದು ತಮ್ಮ ಅಲ್ಲ. ಅಮ್ಮ. ಒಲೆ ಮುಂದೆ ಕೂತಿದ್ದವರು ತಿರುಗಲೂ ಇಲ್ಲ. "ನಾನು ಈ ಮನೆಗೆ ಬಂದಾಗ ನಿಮ್ಮಮ್ಮ ನಂಗೂ ಅದೇ ಮಾತು ಹೇಳಿದ್ರು."

ಅಮ್ಮನ ಅಪ್ಪ ಅಮ್ಮ ತುಳು ಮಾತಾಡುವವರು. ಕೆಲಸ ಹುಡುಕಿಕೊಂಡು ಚಾರ್ಮಾಡಿ ಘಾಟಿ ಹತ್ತಿ ಎಸ್ಟೇಟಿಗೆ ಬಂದವರು. ಅಪ್ಪಯ್ಯನ ಕಡೆಯವರು ಹಾಸನದ ಬಯಲಿನಿಂದ ಬಂದವರು. ಲೈನ್ ಮನೆಯಲ್ಲಿ ಅಕ್ಕಪಕ್ಕ ಇದ್ದು ಮದುವೆಯಾದರು. ಅಜ್ಜಿ ಸಾಯುವವರೆಗೂ ಅಮ್ಮನನ್ನು ಹೆಸರಿಡಿದು ಕರೆಯಲಿಲ್ಲವಂತೆ, "ಘಟ್ಟದ ಕೆಳಗಿನವಳು" ಅಂತಲೇ ಕರೆದಿದ್ದಂತೆ. ಈ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆವತ್ತು ಅಮ್ಮ ಎತ್ತಿದರು. ಅಪ್ಪಯ್ಯ ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಇಷ್ಟೆಲ್ಲ ಆಗುವ ಹೊತ್ತಿಗೆ ನಾವು ಒಂದು ತಪ್ಪು ಮಾಡಿ ಆಗಿತ್ತು.

(ಒಬ್ಬರೇ ಬರೆಯುತ್ತ 'ನಾವು' ಅನ್ನುವುದು ಯಾಕೆ ಅಂತ ಕೆಲವರು ಕೇಳುತ್ತಾರೆ. ಡಿಪ್ಲೊಮಾ ತರಗತಿಯಲ್ಲಿ ವರದಿಯಲ್ಲಿ 'ನಾನು' ಬರಬಾರದು ಅಂತ ಬಡಿದು ಕಲಿಸಿದ್ದಾರೆ. ಈಗ ಬಿಡಿಸಿಕೊಳ್ಳಲು ಆಗುತ್ತಿಲ್ಲ.)

ಸಸಿ ಬಂದ ಮಾರನೇ ದಿನವೇ ನಾವು ಪತ್ರಿಕೆಗೆ ಒಂದು ವರದಿ ಕಳಿಸಿದ್ದೆವು. ಶೀರ್ಷಿಕೆ: 'ಶುದ್ಧ ಅರೇಬಿಕಾಕ್ಕೆ ಕೊನೆಗಾಲ'. ರೊಬಸ್ಟಾ ಗುಡ್ಡ ಹತ್ತುತ್ತಿದೆ, ಹಳೇ ತಳಿ ನಾಶವಾಗುತ್ತಿದೆ, ಹೀಗೆ. ಅಪ್ಪಯ್ಯನ ಒಂದು ಗಿಡದ ಫೋಟೊ ತೆಗೆದು ಕೆಳಗೆ 'ಬಾಬಾಬುಡನ್ ತಂದ ಶುದ್ಧ ತಳಿಯ ಕೊನೆಯ ಗಿಡಗಳಲ್ಲೊಂದು' ಅಂತ ಹಾಕಿದೆವು. ತೋಟ ಯಾರದು ಅಂತ ಬರೆಯಲಿಲ್ಲ. ಮನೆಯ ಜಗಳವನ್ನು ಜಿಲ್ಲೆಯ ಸುದ್ದಿ ಮಾಡಿದ್ದು ಅದು, ಒಪ್ಪಿಕೊಳ್ಳುತ್ತೇವೆ. ಪುಟದಲ್ಲಿ ಚೆನ್ನಾಗಿಯೇ ಬಂತು. ಅಪ್ಪಯ್ಯ ಕತ್ತರಿಸಿ ದೇವರ ಫೋಟೊ ಹಿಂದೆ ಇಟ್ಟುಕೊಂಡರು.

ಮಧ್ಯಾಹ್ನ ಒಂದು ಫೋನ್. ಒಂದು ದೊಡ್ಡ ಎಸ್ಟೇಟಿನ ನರ್ಸರಿಯಲ್ಲಿ ನಲವತ್ತು ವರ್ಷ ಮೇಸ್ತ್ರಿಯಾಗಿದ್ದ ಅಜ್ಜ. ನಾವು ಹಿಂದೆ ಎರಡು ಸಲ ಅವರ ಹತ್ತಿರ ಮಾಹಿತಿ ಕೇಳಿದ್ದುಂಟು.

"ಎಂಥ ಬರ್ದಿದೀಯ ಮಾರಾಯ? ಫೋಟೊದಲ್ಲಿ ಇರೋದು ಸೆವೆನ್ ನೈಂಟಿ ಫೈವ್ ಅಲ್ವನಾ? ಅದು ಯಾವ ಊರಿನ ಶುದ್ಧ ತಳಿ?"

ಸಂಜೆ ಅವರ ಮನೆಗೆ ಹೋದೆವು. ಹಾಲು ಹಾಕದ ಬೆಲ್ಲದ ಕಾಫಿ ಕೊಟ್ಟು ಅಜ್ಜ ಪಾಠ ಶುರು ಮಾಡಿದರು. ಅವರು ಹೇಳಿದ್ದನ್ನೂ, ಆಮೇಲೆ ನಾವು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಬಾಬಾಬುಡನ್ ಯೆಮನ್‌ನ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಎಂಬ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆ ಹಳೇ ಗಿಡಗಳ ಸಂತಾನಕ್ಕೆ 'ಚಿಕ್' ಅನ್ನುತ್ತಿದ್ದರು. ಬ್ರಿಟಿಷರು ಬಂದು ಕಾಡು ಕಡಿದು ದೊಡ್ಡ ದೊಡ್ಡ ತೋಟ ಮಾಡಿದರು. 1869ರಲ್ಲಿ ಸಿಂಹಳದ ಕಾಫಿಗೆ ಎಲೆ ತುಕ್ಕು ರೋಗ ಬಿತ್ತು. ಎಲೆ ಅಡಿಯಲ್ಲಿ ಅರಿಸಿನ ಉದುರಿಸಿದ ಹಾಗೆ ಇರುತ್ತದಲ್ಲ, ಅದೇ. ಸಿಂಹಳದವರು ಕಾಫಿ ಕಿತ್ತು ಟೀ ಹಾಕಿದರು. ಇವತ್ತು ಶ್ರೀಲಂಕಾ ಅಂದರೆ ಟೀ ಅನ್ನುವುದಕ್ಕೆ ಆ ತುಕ್ಕೇ ಕಾರಣ. ರೋಗ ನಮ್ಮ ಗುಡ್ಡಕ್ಕೂ ಬಂತು, ಚಿಕ್ ತಡೆಯಲಿಲ್ಲ. ಏಳು ಬೀಜದ ವಂಶ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಆಮೇಲೆ ತುಕ್ಕಿಗೆ ಸ್ವಲ್ಪ ತಡೆದುಕೊಂಡಿದ್ದ ಗಿಡಗಳಿಂದ ಚಿಕ್ಕಮಗಳೂರಿನ ಇಂಗ್ಲಿಷ್ ಪ್ಲಾಂಟರೊಬ್ಬರು 'ಕೆಂಟ್ಸ್' ತಳಿ ಆರಿಸಿದರು. ಅದೂ ಬಹಳ ಕಾಲ ನಿಲ್ಲಲಿಲ್ಲ.

ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಅಲ್ಲಿಯವರ ಕೈಗೆ ಒಂದು ವಿಚಿತ್ರ ಗಿಡ ಸಿಕ್ಕಿತು. ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಬೆರೆತು ಹುಟ್ಟಿದ್ದು. ಲೈಬೀರಿಕಾ ಅಂದರೆ ಹಳೇ ತೋಟದ ಬೇಲಿಯಲ್ಲಿ ಎಲ್ಲೋ ಒಂದು ಇರುತ್ತದೆ, ದೊಡ್ಡ ದೊಡ್ಡ ಎಲೆ, ದಪ್ಪ ಕಾಯಿ, ಬಿಟ್ಟರೆ ಮರದಷ್ಟು ಎತ್ತರ. ಪಶ್ಚಿಮ ಆಫ್ರಿಕಾದ ತಗ್ಗು ಕಾಡಿನ ಗಿಡ. ಆ ಬೆರಕೆ ಗಿಡಕ್ಕೆ ಎಸ್. 26 ಅಂತ ನಂಬರ್ ಕೊಟ್ಟರು. ಅದರ ಸಂತಾನದಲ್ಲಿ ಎಸ್. 288. ಅದಕ್ಕೆ ಕೆಂಟ್ಸ್ ಸೇರಿಸಿ 1940ರ ದಶಕದಲ್ಲಿ ಎಸ್. 795 ಬಿಟ್ಟರು. ತುಕ್ಕು ತಡೆಯುವ ಗುಣ ಅದಕ್ಕೆ ಬಂದದ್ದು ಲೈಬೀರಿಕಾ ಕಡೆಯಿಂದ. ರುಚಿ ಅರೇಬಿಕಾ ಕಡೆಯಿಂದ.

"ಈಗ ಹೇಳು" ಅಂದರು ಅಜ್ಜ, "ನಿನ್ನಪ್ಪ ಬೆರಕೆ ಬೇಡ ಅಂತ ಹೇಳೋದು ಯಾವುದಕ್ಕೆ ಕೂತ್ಕೊಂಡು? ಬೆರಕೆ ಬುಡದಲ್ಲೇ ಕೂತ್ಕೊಂಡು."

ಫೋಟೊದಲ್ಲಿದ್ದುದು ನಮ್ಮ ತೋಟ ಅಂತ ನಾವು ಹೇಳಿರಲಿಲ್ಲ. ಅವರಿಗೆ ಗೊತ್ತಾಗಿತ್ತು.

ಆದರೆ ಅಪ್ಪಯ್ಯನ ಭಯದ ಬಗ್ಗೆಯೂ ಕೇಳಬೇಕಿತ್ತು. ಪಕ್ಕದಲ್ಲಿ ರೊಬಸ್ಟಾ ಇಟ್ಟರೆ ಅರೇಬಿಕಾ ಬೀಜ ಕೆಡುತ್ತದಾ? ಅಜ್ಜ ಕೆಡಲ್ಲ ಅಂದರು. ಅವರ ಮಾತಿಗೆ ಕಾರಣ ನಾವು ಹುಡುಕಿಕೊಂಡದ್ದು ಹೀಗೆ.

ಅರೇಬಿಕಾ ಹೂವು ಹೆಚ್ಚಾಗಿ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ತನ್ನದೇ ಪರಾಗ ಆಗುವುದಿಲ್ಲ, ಇನ್ನೊಂದು ಗಿಡದ್ದು ಗಾಳಿಯಲ್ಲೋ ಜೇನಿನಲ್ಲೋ ಬರಬೇಕು. ಇದು ಒಂದು. ಇನ್ನೊಂದು ಲೆಕ್ಕ ಒಳಗಿನದು. ಪ್ರತಿ ಜೀವಕೋಶದಲ್ಲಿ ಕ್ರೋಮೋಸೋಮ್ ಎಂಬ ಎಳೆಗಳಿರುತ್ತವೆ, ಅರ್ಧ ತಾಯಿಯದು, ಅರ್ಧ ತಂದೆಯದು. ರೊಬಸ್ಟಾಕ್ಕೆ 22. ಲೈಬೀರಿಕಾಕ್ಕೂ 22. ಕಾಫಿ ಜಾತಿಯ ಉಳಿದ ಕಾಡು ಗಿಡಗಳಿಗೂ 22. ಅರೇಬಿಕಾಕ್ಕೆ ಮಾತ್ರ 44. ಎರಡೂ ಸೇರಿದರೆ ಅರೇಬಿಕಾ ಅರ್ಧ 22, ರೊಬಸ್ಟಾ ಅರ್ಧ 11, ಒಟ್ಟು 33. ಮೂರು ಪಾಲು ಜೋಡಿ ಆಗುವುದಿಲ್ಲ. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆ ಮರಿ ಹಾಕುವುದಿಲ್ಲವಲ್ಲ, ಹಾಗೆಯೇ ಆ ಗಿಡ ಎಲ್ಲೋ ಒಂದು ಹುಟ್ಟಿದರೂ ಕಾಯಿ ಕಟ್ಟಲು ಒದ್ದಾಡುತ್ತದೆ.

ಹಾಗಾದರೆ ಎಂದೂ ಬೆರೆಯುವುದಿಲ್ಲವಾ ಅಂದರೆ, ಬೆರೆತಿದೆ. ಸಾಗರದಾಚೆ ತಿಮೋರ್ ಎಂಬ ದ್ವೀಪವಿದೆ, ಇಂಡೊನೇಷ್ಯಾದ ಪಕ್ಕ. ಅಲ್ಲಿ ಒಂದು ಅರೇಬಿಕಾ ತೋಟದಲ್ಲಿ 1920ರ ದಶಕದಲ್ಲಿ ಒಂದು ಗಿಡ ಮಾತ್ರ ತುಕ್ಕು ಹಿಡಿಯದೆ ನಿಂತಿದ್ದು ಕಣ್ಣಿಗೆ ಬಿತ್ತು. ರೊಬಸ್ಟಾ ತನ್ನ ಪಾಲನ್ನು ಅರ್ಧ ಮಾಡದೆ 22ನ್ನೂ ಇಡಿಯಾಗಿ ಕೊಟ್ಟುಬಿಟ್ಟಿತ್ತು. 22ಕ್ಕೆ 22 ಸೇರಿ 44. ಜೋಡಿ ಸರಿಯಾಯಿತು, ಕಾಯಿ ಕಟ್ಟಿತು. ಲಕ್ಷಕ್ಕೊಮ್ಮೆ ಆಗುವ ಸಂಗತಿ. ಆ ಒಂದು ಗಿಡದ ವಂಶ ಇವತ್ತು ಜಗತ್ತಿನ ಕಾಫಿ ತೋಟಗಳನ್ನೆಲ್ಲ ಸುತ್ತಿದೆ. ನಮ್ಮ ಕಡೆ ಕಾವೇರಿ ಅಂತ ನೆಟ್ಟರಲ್ಲ ಗಿಡ್ಡ ಗಿಡ, ಅದರಲ್ಲಿ ತಿಮೋರ್ ರಕ್ತ ಇದೆ. 2007ರಲ್ಲಿ ಬಿಟ್ಟ ಚಂದ್ರಗಿರಿಯಲ್ಲೂ ಇದೆ. ಅಂದರೆ ಅರೇಬಿಕಾ ಅಂತ ಬೋರ್ಡು ಹಾಕಿಕೊಂಡ ಎಷ್ಟೋ ತೋಟಗಳ ಒಳಗೆ ರೊಬಸ್ಟಾ ಆಗಲೇ ಕೂತಿದೆ.

ತಮ್ಮ ತಂದ ಸಸಿಯೂ ಒಂಟಿ ಜಾತಿಯದಲ್ಲ. ಅದು ಸಿ ಇಂಟು ಆರ್. ಕಾಂಗೋ ನದಿ ಪಕ್ಕ ಬೆಳೆಯುವ ಕಾಂಜೆನ್ಸಿಸ್ ಎಂಬ ಕಾಫಿಯನ್ನು ರೊಬಸ್ಟಾಕ್ಕೆ ಸೇರಿಸಿ ಇಲ್ಲಿಯೇ ಸಂಶೋಧನಾ ಕೇಂದ್ರದವರು ಮಾಡಿದ್ದು. ಬುಡ ಸಣ್ಣದು, ಬೀಜ ದಪ್ಪ, ರುಚಿ ಬರೀ ರೊಬಸ್ಟಾಕ್ಕಿಂತ ಮೆದು.

ಆದರೂ ನಮ್ಮ ತಲೆಯಲ್ಲಿ ಒಂದು ಉಳಿದಿತ್ತು. ಚಿಕ್ ಆದರೂ ಶುದ್ಧ ಇತ್ತಲ್ಲ? ಏಳು ಬೀಜ ಆದರೂ ಶುದ್ಧ ಇದ್ದವಲ್ಲ? 44 ಎಲ್ಲಿಂದ ಬಂತು ಅಂತ ಹುಡುಕಿದಾಗ ಆ ಆಸೆಯೂ ಹೋಯಿತು.

ಪೂರ್ವ ಆಫ್ರಿಕಾದ ಎತ್ತರದಲ್ಲಿ ಯುಜೆನಿಯಾಯ್ಡಿಸ್ ಎಂಬ ಸಣ್ಣೆಲೆಯ ಕಾಫಿ ಇದೆ. ಕೆಫೀನ್ ತೀರಾ ಕಡಿಮೆ. ಬಹಳ ಹಿಂದೆ ಎಲ್ಲೋ ಒಂದು ಕಡೆ, ತಗ್ಗಿನ ರೊಬಸ್ಟಾ ಮತ್ತು ಎತ್ತರದ ಯುಜೆನಿಯಾಯ್ಡಿಸ್ ಅಕ್ಕಪಕ್ಕ ಬಂದು ಬೆರೆತವು. ಅವಳ ಕಡೆಯ 22, ಅವನ ಕಡೆಯ 22, ಎರಡೂ ಇಡಿಯಾಗಿ. ಹುಟ್ಟಿದ್ದು ಅರೇಬಿಕಾ. 2024ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು ನಡೆದದ್ದು ಮೂರೂವರೆ ಲಕ್ಷದಿಂದ ಆರು ಲಕ್ಷ ಹತ್ತು ಸಾವಿರ ವರ್ಷದ ಹಿಂದೆ ಅನ್ನುತ್ತದೆ. ಆಗ ಅಲ್ಲಿ ತೋಟವೂ ಇಲ್ಲ, ನಮ್ಮಂಥ ಮನುಷ್ಯರೂ ಇಲ್ಲ. ಆ ಮಗು ಇಥಿಯೋಪಿಯಾದ ಗುಡ್ಡಗಳಲ್ಲಿ ನೆಲೆ ನಿಂತಿತು. ಸುಮಾರು 30 ಸಾವಿರ ವರ್ಷದ ಹಿಂದೆ ಅಲ್ಲಿಯ ಗಿಡಗಳು ಎರಡು ಪಂಗಡವಾದವು: ಒಂದು ಕಾಡಿನಲ್ಲಿ ಉಳಿದದ್ದು, ಇನ್ನೊಂದು ಮುಂದೆ ಮನುಷ್ಯರ ಕೈಗೆ ಬಂದದ್ದು. ಬೇರೆಯಾದ ಮೇಲೂ ಬಹಳ ಕಾಲ ಅತ್ತಿತ್ತ ಓಡಾಡಿ ಬೆರೆಯುತ್ತಲೇ ಇದ್ದವಂತೆ.

ಒಂದೇ ಸಲ ಬೆರೆತು ಹುಟ್ಟಿದ್ದರಿಂದ ಅರೇಬಿಕಾದ ಬಂಡವಾಳ ಸಣ್ಣದು. ಅದರಲ್ಲಿ ಕೆಲವೇ ಬೀಜ ಯೆಮನ್‌ಗೆ ಹೋದವು. ಯೆಮನ್‌ನಿಂದ ಇನ್ನೂ ಕೆಲವೇ ಇಲ್ಲಿಗೆ ಬಂದವು. ಇಲ್ಲಿಯ ಮಲಬಾರ್ ಕರಾವಳಿಯಿಂದ ಡಚ್ಚರು 17ನೇ ಶತಮಾನದ ಕೊನೆಗೆ ಜಾವಾಕ್ಕೆ ಒಯ್ದರು, ಜಾವಾದಿಂದ ಆಮ್‌ಸ್ಟರ್‌ಡ್ಯಾಮ್‌ಗೆ, ಅಲ್ಲಿಂದ ಅಮೆರಿಕ ಖಂಡಕ್ಕೆ. ಅಮೆರಿಕದ ಎಷ್ಟೋ ಹಳೇ ಕಾಫಿ ತೋಟಗಳ ಮೂಲ ನಮ್ಮ ಈ ಪಶ್ಚಿಮ ಘಟ್ಟದ ಬುಡ ದಾಟಿ ಹೋದದ್ದು. ಹೋದಲ್ಲೆಲ್ಲ ಗಿಡ ಒಂದೇ ಥರ ಆಗುತ್ತ ಹೋಯಿತು. ಒಂದೇ ಥರ ಆದದ್ದರಿಂದಲೇ ತುಕ್ಕು ಬಂದಾಗ ಒಟ್ಟಿಗೆ ಬಿತ್ತು. ಎದ್ದು ನಿಲ್ಲಲು ಪ್ರತಿ ಸಲ ನೆಂಟರ ಮನೆಗೇ ಹೋಗಬೇಕಾಯಿತು, ಒಮ್ಮೆ ಲೈಬೀರಿಕಾ ಹತ್ತಿರ, ಒಮ್ಮೆ ರೊಬಸ್ಟಾ ಹತ್ತಿರ.

ಇದನ್ನೆಲ್ಲ ಮನೆಯಲ್ಲಿ ಹೇಳುವುದು ಹೇಗೆ? ವರದಿ ಬರೆಯುವುದಕ್ಕಿಂತ ಕಷ್ಟ. ಒಂದು ಸಂಜೆ ಮಳೆ ಹಿಡಿದಿತ್ತು, ಕರೆಂಟ್ ಇರಲಿಲ್ಲ. ಅಪ್ಪಯ್ಯನ ಪಕ್ಕ ಕೂತು ಎಸ್. 795ರ ಕಥೆಯಿಂದ ಶುರು ಮಾಡಿದೆವು. ಲೈಬೀರಿಕಾ ಸುದ್ದಿ ಕೇಳಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಎಸ್ಟೇಟಿನಲ್ಲಿ ರೈಟರ್ ಹೇಳ್ತಿದ್ರು ಅಂಥದೇನೋ" ಅಂದರು. ರೊಬಸ್ಟಾ ಅರೇಬಿಕಾದ ಅಪ್ಪ ಅಂತ ಹೇಳಿದಾಗ ಮಾತ್ರ ತಿರುಗಿ ನೋಡಿದರು.

"ಆರು ಲಕ್ಷ ವರ್ಷದ ಹಿಂದಿನದು ಯಾರು ನೋಡಿದ್ದು?"

"ಬೀಜದೊಳಗೆ ಬರ್ದಿರ್ತದಂತೆ ಅಪ್ಪಯ್ಯ."

ಅವರು ಸುಮ್ಮನಾದರು. ಒಳಗೆ ಅಮ್ಮ ಪಾತ್ರೆ ಇಡುವ ಸದ್ದು ನಿಂತಿತ್ತು, ಕೇಳಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ಪೇಪರಿನಲ್ಲಿ ನೀನು ಬರ್ದಿದ್ದು ಸುಳ್ಳಾ?"

ಸುಳ್ಳು ಅಂದೆವು. ದೇವರ ಫೋಟೊ ಹಿಂದಿನ ಕಾಗದ ಆಮೇಲೆ ಅಲ್ಲಿ ಕಾಣಲಿಲ್ಲ.

ಪತ್ರಿಕೆಯ ಡೆಸ್ಕಿಗೆ ತಿದ್ದುಪಡಿ ಕಳಿಸಿದೆವು. "ಕಾಫಿ ಗಿಡಕ್ಕೆಲ್ಲ ತಿದ್ದುಪಡಿ ಹಾಕ್ತಾರೇನ್ರೀ" ಅಂದರು. ಅಪಘಾತದಲ್ಲಿ ಸತ್ತವರ ಹೆಸರು ತಪ್ಪಾದರೆ ಹಾಕುತ್ತಾರೆ, ಸಮಾಜದ ಅಧ್ಯಕ್ಷರ ಹೆಸರು ತಪ್ಪಾದರೆ ಇನ್ನೂ ಬೇಗ ಹಾಕುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಆ ವರದಿ ಓದಿದವರು ಇದನ್ನೂ ಓದಲಿ. ಫೋಟೊದಲ್ಲಿದ್ದ ಗಿಡ ಎಸ್. 795. ಬಾಬಾಬುಡನ್ ತಂದ ತಳಿ ಅಲ್ಲ. ಶುದ್ಧವೂ ಅಲ್ಲ. ತೋಟ ನಮ್ಮದು.

ಹಾಗಂತ ಅರೇಬಿಕಾ ಕಿತ್ತುಹಾಕಿ ಎಂದು ನಾವು ಹೇಳುತ್ತಿಲ್ಲ. ದೇಶದ ಕಾಫಿಯಲ್ಲಿ ಹತ್ತರಲ್ಲಿ ಏಳು ಪಾಲು ಈಗಲೇ ರೊಬಸ್ಟಾ. ಗುಡ್ಡದಲ್ಲಿ ಅರೇಬಿಕಾ ಹೋಯಿತೆಂದರೆ ಅದರ ಜೊತೆ ನೆರಳು ಮರವೂ ಹೋಗುತ್ತದೆ, ಏಕೆಂದರೆ ರೊಬಸ್ಟಾಕ್ಕೆ ಅಷ್ಟು ನೆರಳು ಬೇಡ. ಮರ ಕಡಿದ ತೋಟದಲ್ಲಿ ಹಳ್ಳ ಇನ್ನೂ ಬೇಗ ಒಣಗುತ್ತದೆ. ನಮ್ಮ ಹಳ್ಳವನ್ನು ನೋಡಿಯೇ ಈ ಮಾತು ಹೇಳುತ್ತಿದ್ದೇವೆ. ಬೋರರ್‌ಗೂ ಬಿಸಿಲೇ ಇಷ್ಟ. ಮರದ ಕೊಂಬೆ ಅತಿಯಾಗಿ ಕಡಿದ ವರ್ಷವೇ ನಮ್ಮಲ್ಲಿ ಹುಳ ಜಾಸ್ತಿಯಾದದ್ದು. ಅದನ್ನು ಕಡಿಸಿದವರು ಅಪ್ಪಯ್ಯನೇ. ಅದನ್ನು ಅವರೆದುರು ಯಾರೂ ಹೇಳುವುದಿಲ್ಲ.

ಮೇಸ್ತ್ರಿ ಅಜ್ಜನನ್ನು ಬೈಕಿನಲ್ಲಿ ಕೂರಿಸಿಕೊಂಡು ತೋಟಕ್ಕೆ ಕರೆತಂದೆವು. ಅಪ್ಪಯ್ಯ ಮೊದಲು ಬಿಗಿಯಾಗಿದ್ದರು. ಅಜ್ಜ ಯಾವ ಎಸ್ಟೇಟಿನಲ್ಲಿ ಇದ್ದರು, ಇವರು ಯಾವ ವರ್ಷ ಯಾವ ಲೈನಿನಲ್ಲಿ ಇದ್ದರು ಅಂತ ಮಾತು ತಿರುಗಿ, ಇಬ್ಬರಿಗೂ ಗೊತ್ತಿದ್ದ ಒಬ್ಬ ದೊರೆಯ ನಾಯಿಯ ಕಥೆ ಬಂದ ಮೇಲೆ ಸಡಿಲವಾದರು. ಇಬ್ಬರೂ ಕೈ ಹಿಂದೆ ಕಟ್ಟಿಕೊಂಡು ಸಾಲು ಸಾಲು ನಡೆದರು. ನಾವೂ ತಮ್ಮನೂ ಹಿಂದೆ.

ಮೇಲಿನ ಮೂಲೆಯಲ್ಲಿ, ಹಲಸಿನ ಮರದ ಆಚೆ, ಅಜ್ಜ ನಿಂತರು. ಸುತ್ತ ನಾಲ್ಕು ಗುಂಡಿ, ಕಿತ್ತ ಬುಡದ್ದು. ನಡುವೆ ಒಂದು ಗಿಡ ದಪ್ಪಗೆ ನಿಂತಿದೆ, ಕಾಂಡದಲ್ಲಿ ಗೆರೆ ಇಲ್ಲ. ಅಜ್ಜ ತೊಗಟೆ ಮೇಲೆ ಬೆರಳಾಡಿಸಿ ನೋಡಿದರು. ಇಂಥವು ಎಷ್ಟಿವೆ ಅಂತ ಕೇಳಿದರು. ಅಪ್ಪಯ್ಯ ಯೋಚನೆ ಮಾಡದೆ ಹೇಳಿದರು, "ಹದಿನಾಲ್ಕು."

"ಗುರುತು ಹಾಕು. ಇದು ತಳಿಯ ಗುಣವೋ ಹಲಸಿನ ನೆರಳಿನ ಗುಣವೋ ನಂಗೂ ಹೇಳಕ್ಕಾಗಲ್ಲ. ನಾಲ್ಕು ವರ್ಷ ನೋಡು. ನಿಂತ್ರೆ ಬೀಜಕ್ಕೆ ಇಟ್ಕೋ."

ಸಸಿ ಇನ್ನೂ ಅಂಗಳದಲ್ಲೇ ಇತ್ತು, ಚೀಲದಿಂದ ಬೇರು ಹೊರಗೆ ಇಣುಕಲು ಶುರುವಾಗಿತ್ತು. ಜುಲೈ ಎರಡನೇ ವಾರ ಮಳೆ ಒಂದು ದಿನ ಬಿಡುವು ಕೊಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪಯ್ಯ ಇಲ್ಲ. ಹಳ್ಳದ ಪಕ್ಕದ ಅರ್ಧ ಎಕರೆಯಲ್ಲಿ, ಬೋರರ್ ಪೂರ್ತಿ ಖಾಲಿ ಮಾಡಿದ್ದ ಕಡೆ, ಹಗ್ಗ ಹಿಡಿದು ಹತ್ತಡಿಗೊಂದು ಗೂಟ ಹೊಡೆಯುತ್ತಿದ್ದರು. ರೊಬಸ್ಟಾಕ್ಕೆ ಹತ್ತಡಿ ಬೇಕು ಅಂತ ತಮ್ಮ ಹೇಳಿದ್ದನ್ನು ಕೇಳಿಸಿಕೊಂಡಿದ್ದರು. ಹಲಸಿನ ಮರದಿಂದ ಮೇಲೆ ಒಂದೂ ಗೂಟ ಇಲ್ಲ. ತಮ್ಮ ಏನೂ ಕೇಳದೆ ಸಸಿ ಹೊರಲು ಶುರು ಮಾಡಿದ. ಅರ್ಧ ಎಕರೆಗೆ 215 ಹಿಡಿಯಿತು. ಉಳಿದದ್ದನ್ನು ಕೆಳಮನೆಯವರು ಕೊಂಡುಹೋದರು.

ಮೇಲಿನ ಹದಿನಾಲ್ಕು ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿದ್ದು ಅಮ್ಮ. ಹಳೇ ಸೀರೆಯ ಅಂಚು ಹರಿದು ಪಟ್ಟಿ ಮಾಡಿದ್ದರು. ಕಟ್ಟಿ ಬಂದು ಒಂದು ಜಾಸ್ತಿ ಇದೆ, ಹದಿನೈದು ಅಂದರು. ಅಪ್ಪಯ್ಯ ಒಪ್ಪಲಿಲ್ಲ. ಮಳೆಯಲ್ಲೇ ಇಬ್ಬರೂ ಕೊಡೆ ಹಿಡಿದು ಲೆಕ್ಕ ಹಾಕಲು ಹೋದರು.